ಎಡಗಡೆಯ ಹೊಳಪು

ನಲವತ್ತೊಂದು ವರ್ಷದ ಸಂಸಾರದಲ್ಲಿ ನಮ್ಮ ಯಜಮಾನರು ನನ್ನ ಮಾತಿಗೆ ಬೇಡ ಎಂದದ್ದು ಮೂರೇ ಸಲ. ಮೊದಲನೆಯದು ಮಗಳಿಗೆ ಹೆಸರಿಡುವಾಗ, ಎರಡನೆಯದು ಮನೆಗೆ ಹಸಿರು ಬಣ್ಣ ಹೊಡೆಸುವಾಗ, ಮೂರನೆಯದು ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸುತ್ತೇನೆ ಎಂದಾಗ. ಮೊದಲೆರಡರಲ್ಲಿ ಅವರು ಸೋತರು. ಮೂರನೆಯದರಲ್ಲಿ ಸೋತವರು ಯಾರು ಎಂದು ನನಗೆ ಇನ್ನೂ ಬಗೆಹರಿದಿಲ್ಲ.

ನಾನು ಸೀತಮ್ಮ. ಬನಶಂಕರಿಯ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದವಳು. ಈಗಲೂ ಜಯನಗರದ ಕಾಂಪ್ಲೆಕ್ಸಿನಲ್ಲಿ ತಲೆ ನರೆತ ಗಂಡಸರು ನನ್ನನ್ನು ಕಂಡರೆ ಬಾಯಲ್ಲಿರುವ ಎಲೆ ಅಡಿಕೆಯನ್ನು ನುಂಗಿಬಿಡುತ್ತಾರೆ. ಐವತ್ತೆಂಟಕ್ಕೆ ಡ್ರೈವಿಂಗ್ ಕಲಿತೆ. ಅರವತ್ತಕ್ಕೆ ರಿಟೈರ್ ಆದ ವಾರವೇ ಒಂದು ಕೆಂಪು ಪುಟ್ಟ ಕಾರು ತಂದೆ. ಅದಕ್ಕೀಗ ಏಳು ವರ್ಷ. ಇವರಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬಾರದು. ಪಿ.ಡಬ್ಲ್ಯು.ಡಿ.ಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು, ಸೇತುವೆ ಮೋರಿಗಳ ನಕ್ಷೆಗೆ ಗೆರೆ ಎಳೆದು ಎಳೆದು ಬೆನ್ನು ಬಾಗಿಸಿಕೊಂಡವರು. ಆ ಕಾರು ಇರುವುದರಿಂದಲೇ ನಾನು ಯಾರನ್ನೂ ಕಾಯುವುದಿಲ್ಲ, ಯಾರಿಗೂ ಫೋನು ಮಾಡಿ ಕರೆದುಕೊಂಡು ಹೋಗ್ತೀಯಾ ಎಂದು ಕೇಳುವುದಿಲ್ಲ. ಅದೊಂದು ಹೋದರೆ ನಾನು ಬರೀ ಮುದುಕಿ.

ಅದಕ್ಕೇ ಸಂಕ್ರಾಂತಿಯ ದಿನ ಎಳ್ಳು ಕೊಡಲು ಬಂದ ಮಗಳು ಸುರಭಿಯ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಅವಳಿರುವುದು ಜೆ.ಪಿ. ನಗರದಲ್ಲಿ, ಹತ್ತು ನಿಮಿಷದ ದಾರಿ.

"ಅಮ್ಮ, ಇನ್ನು ಸಾಕು ಡ್ರೈವಿಂಗು. ಈ ಟ್ರಾಫಿಕ್‌ನಲ್ಲಿ ನಂಗೇ ಕೈ ನಡುಗುತ್ತೆ. ಕಾರು ಮಾರ್ಬಿಡೋಣ, ಕ್ಯಾಬಲ್ಲಿ ಓಡಾಡು."

"ನೋಡು, ನನ್ನ ಗಾಡಿ ಮೇಲೆ ಒಂದೇ ಒಂದು ಗೀರು ತೋರಿಸು," ಎಂದೆ. "ಅವತ್ತೇ ಕೀ ತೆಗೆದು ನಿನ್ನ ಕೈಗೆ ಕೊಡ್ತೀನಿ. ಅಲ್ಲೀವರೆಗೂ ಈ ಮಾತು ಎತ್ತಬೇಡ."

ಸುರಭಿ ಆಗಲೇ ಎದ್ದು ಹೋಗಿ ಕಾರಿನ ಸುತ್ತ ಎರಡು ಸುತ್ತು ಬಂದಳು. ಒಂದು ಗೀರೂ ಇರಲಿಲ್ಲ. ಆಮೇಲೂ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲು ಒಂದು ಪ್ರದಕ್ಷಿಣೆ ಹಾಕುತ್ತಿದ್ದಳು. ಏನೂ ಸಿಗುತ್ತಿರಲಿಲ್ಲ. ನಾನು ಕಿಟಕಿಯಲ್ಲಿ ನಿಂತು, "ಸಿಕ್ತಾ?" ಎಂದು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಯಲ್ಲಿ ನನಗೆ ಸಿಗುತ್ತಿದ್ದ ಸಂತೋಷ ಹಬ್ಬದ ಹೋಳಿಗೆಯಲ್ಲೂ ಸಿಕ್ಕಿಲ್ಲ.

ಸಂಕ್ರಾಂತಿ ಕಳೆದು ಒಂದು ತಿಂಗಳಿಗೆ ಇವರಿಗೆ ಹೊಸ ಹುಚ್ಚು ಹತ್ತಿತು. ಕಾರಿನ ಸಾಮಾನು ಸಿಗುವ ಜೆ.ಸಿ. ರೋಡಿಗೆ ಬಸ್ಸಿನಲ್ಲಿ ಹೋಗಿ ಒಂದು ದುಂಡನೆಯ ವ್ಯಾಕ್ಸ್ ಡಬ್ಬಿ ತಂದರು. ಹಳೇ ಬನಿಯನ್ ಹರಿದು ಬಟ್ಟೆ ಮಾಡಿಕೊಂಡರು. ನಾನು ಹೊರಗಿನಿಂದ ಬಂದು ಕಾಫಿಗೆ ನೀರಿಡುವಷ್ಟರಲ್ಲಿ ಇವರು ಕಾರಿನ ಹತ್ತಿರ. ನಮ್ಮ ಪೋರ್ಟಿಕೋದಲ್ಲಿ ಕಾರಿನ ಎಡಮೈ ಕಾಂಪೌಂಡಿಗೆ ಒತ್ತಿಕೊಂಡಿರುತ್ತದೆ. ಅಲ್ಲಿರುವುದು ಒಂದೂವರೆ ಅಡಿ ಜಾಗ. ನನ್ನ ಗಾತ್ರಕ್ಕೆ ಅದು ಸಾಲದು, ನಾನು ಆ ಕಡೆ ಹೋಗುವುದೇ ಇಲ್ಲ. ಇವರು ಕಡ್ಡಿಯಂತಿದ್ದಾರೆ, ಒಳಗೆ ತೂರಿಕೊಂಡು ಗಂಟೆಗಟ್ಟಲೆ ಉಜ್ಜುತ್ತಿದ್ದರು. ಮಾಡಲು ಕೆಲಸವಿಲ್ಲದ ಬಡಗಿ ಮಗುವಿನದೇನೋ ಕೆತ್ತಿದನಂತೆ ಎಂದು ನಾನು ಸುಮ್ಮನಿದ್ದೆ.

ಜೊತೆಗೆ ಇನ್ನೊಂದು ಕಾಟ. ನಾನು ಎಲ್ಲಿಗೆ ಹೊರಟರೂ ಇವರು ಹೊರಟು ನಿಲ್ಲುತ್ತಿದ್ದರು. ಸೊಪ್ಪು ತರಲು ಹೋದರೂ ಪಕ್ಕದಲ್ಲಿ ಇವರು. ಕೂತವರು ಸುಮ್ಮನೆ ಕೂರಬೇಕಲ್ಲ. "ಎಡಗಡೆ ಆಟೋ ಬರ್ತಿದೆ." "ಎಡಗಡೆ ಒಂಚೂರು ಬಿಡು." "ನಿಧಾನ, ಎಡಗಡೆ ಸ್ಕೂಟಿ." ಸೌತ್ ಎಂಡ್ ಸರ್ಕಲ್ಲಿನಿಂದ ಮನೆಗೆ ಬರುವಷ್ಟರಲ್ಲಿ ಇಪ್ಪತ್ತು ಸಲ.

"ನೋಡಿದೆ ರೀ. ನಂಗೇನು ಕಣ್ಣಿಲ್ವಾ?" ಎಂದು ಗದರಿದರೆ ಒಂದು ನಿಮಿಷ ಸುಮ್ಮನಾಗಿ ಮತ್ತೆ ಶುರು ಮಾಡುತ್ತಿದ್ದರು.

ಅಪರೂಪಕ್ಕೆ ಒಬ್ಬಳೇ ಹೋಗಿ ಬಂದ ದಿನ, ಗೇಟಿನೊಳಗೆ ತಿರುಗಿಸುವಾಗ ಎಡಗಡೆ ಕರ್ರೆಂದು ಏನೋ ಸದ್ದಾಗುತ್ತಿತ್ತು. ಇವರು ಓಡಿ ಬಂದು, "ಏನಿಲ್ಲ ಕಣೇ, ದಾಸವಾಳದ ಕೊಂಬೆ," ಎನ್ನುತ್ತಿದ್ದರು. ಯುಗಾದಿಗೆ ನಾನು ದಾಸವಾಳವನ್ನು ಬುಡಸಮೇತ ಕಡಿಸಿದೆ. ಆಮೇಲೂ ಸದ್ದು ಬಂತು. "ತೆಂಗಿನ ಗರಿ ಬಿದ್ದಿತ್ತು," ಎಂದರು. ಮೂವತ್ತೆರಡು ವರ್ಷ ಮಕ್ಕಳ ಹತ್ತಿರ ಪ್ರಮೇಯಕ್ಕೆ ಸಾಧನೆ ಎಲ್ಲಿ, ಸಾಧನೆ ಬರಿ ಎಂದು ಬೆತ್ತ ತಟ್ಟಿದವಳು ನಾನು. ಗಂಡ ಹೇಳಿದ್ದನ್ನು ಬಗ್ಗಿ ನೋಡದೆ ನಂಬಿದೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು, "ಎಡಗಣ್ಣಲ್ಲಿ ಪೊರೆ ಶುರುವಾಗಿದೆ, ಆರು ತಿಂಗಳು ಬಿಟ್ಟು ಬನ್ನಿ," ಎಂದಿದ್ದರು. ಶುರುವಾಗಿದೆ ಎಂದರೆ ಬಂದುಬಿಟ್ಟಿದೆ ಎಂದಲ್ಲವಲ್ಲ. ನಾನು ಹೋಗಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಸಂಜೆ ಹೊತ್ತು ಎದುರು ಬರುವ ಗಾಡಿಗಳ ದೀಪದ ಸುತ್ತ ಬಳೆ ಬಳೆಯಾಗಿ ಕಾಣತೊಡಗಿದಾಗ ಈ ಹೊಸ ಎಲ್‌ಇಡಿ ದೀಪಗಳನ್ನು ಬೈದುಕೊಂಡೆ.

ಶ್ರಾವಣದಲ್ಲಿ ಪಕ್ಕದ ಮನೆಯ ಗಂಗಾಧರಯ್ಯನವರು ಬೆಂಕಿ ಹಚ್ಚಿದರು. ಉತ್ತರಹಳ್ಳಿ ಕಡೆಯ ಹಳೇ ಕುಳ, ಈಗ ನಮ್ಮ ಪಕ್ಕದ ಮನೆ ಕೊಂಡು ಬಂದಿದ್ದಾರೆ. ಕಾಂಪೌಂಡಿನ ಮೇಲಿಂದ ನನ್ನನ್ನು ಕರೆದು ತಮ್ಮ ಕಾರಿನ ಬಾನೆಟ್ ಮೇಲೆ ಒಂದು ಚೊಂಬು ನೀರು ಸುರಿದರು. ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ನೀರು ಮಣಿ ಮಣಿಯಾಗಿ ಉರುಳಿ ಹೋಯಿತು.

"ನೋಡಿ ಟೀಚರಮ್ಮ, ಕೋಟಿಂಗು. ಐದು ವರ್ಷ ತಿರುಗಿ ನೋಡಂಗಿಲ್ಲ. ನಮ್ಮ ಅಣ್ಣನ ಮಗ ಮೋಹಿತ್ ಕುಮಾರಸ್ವಾಮಿ ಲೇಔಟಲ್ಲಿ ಅಂಗಡಿ ಮಡಗವ್ನೆ. ನಿಮ್ಮ ಯಜಮಾನ್ರು ಪಾಪ ದಿನಾ ಉಜ್ಜಿ ಉಜ್ಜಿ ಸವೆದೋಯ್ತಾವ್ರೆ."

ಐದು ವರ್ಷ ಎನ್ನುವ ಮಾತು ನನ್ನ ಮನಸ್ಸಿಗೆ ಹಿಡಿಸಿತು. ಐದು ವರ್ಷದ ಕೋಟಿಂಗ್ ಮಾಡಿಸಿದವಳನ್ನು ಯಾವ ಮಗಳು ಕಾರು ಮಾರು ಎಂದಾಳು? ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಇವರು ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ, "ಬೇಡ," ಎಂದರು.

"ಯಾಕೆ ಬೇಡ?"

"ವ್ಯಾಕ್ಸೇ ಒಳ್ಳೇದು. ಕೋಟಿಂಗ್ ಹಾಕಿದ್ರೆ ಬಣ್ಣಕ್ಕೆ ಉಸಿರಾಡೋಕೆ ಆಗಲ್ಲ."

ಬಣ್ಣ ಉಸಿರಾಡುತ್ತದೆ ಎಂದು ನಾನು ಕೇಳಿದ್ದು ಅದೇ ಮೊದಲು. ಮಾರನೆಯ ದಿನ ಇನ್ನೊಂದು ಕಾರಣ ತಂದರು. ಕೋಟಿಂಗ್ ಮೇಲೆ ಅರಿಶಿನ ಕುಂಕುಮ ನಿಲ್ಲುವುದಿಲ್ಲವಂತೆ, ಆಯುಧಪೂಜೆಗೆ ಕಷ್ಟವಂತೆ. ದೇವರಕೋಣೆಯ ಕಡೆ ತಲೆ ಹಾಕದ ಮನುಷ್ಯ ಇವರು. ಮೂರನೆಯ ದಿನ, "ಹಾಗೆ ನೋಡಿದ್ರೆ ಎರಡೂ ಒಂದೇ, ಆದ್ರೆ ಎರಡೂ ಬೇರೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಬೈದರೆ ಬೈಸಿಕೊಂಡರು, ಆದರೆ ಪಟ್ಟು ಬಿಡಲಿಲ್ಲ. ಬೆಂಡೇಕಾಯಿ ಪಲ್ಯಕ್ಕೂ ಹುಳಿಗೂ ವ್ಯತ್ಯಾಸ ಕೇಳದ ಮನುಷ್ಯ ಒಂದು ಡಬ್ಬಿ ವ್ಯಾಕ್ಸಿಗಾಗಿ ಯಾಕೆ ಹೀಗೆ ಹಟ ಹಿಡಿದಿದ್ದಾರೆ ಎಂದು ನನಗೆ ತಲೆಬುಡ ಅರ್ಥವಾಗಲಿಲ್ಲ.

ಸರಿ, ನಾನೇ ವಿಚಾರಿಸುತ್ತೇನೆ ಎಂದು ಹೊರಟೆ. ವಿಚಾರಿಸಿದ್ದೇ ತಪ್ಪಾಯಿತು. ಪಾರ್ಕಿನಲ್ಲಿ ವಾಕಿಂಗ್ ಮಾಡುವ ಒಬ್ಬರು, ವ್ಯಾಕ್ಸ್ ಮೂರು ತಿಂಗಳಿಗೆ ಕರಗುತ್ತೆ, ಬಿಸಿಲಿಗೆ ಧೂಳು ಹಿಡಿಯುತ್ತೆ ಎಂದರು. ಅವರ ಹೆಂಡತಿ, ಕೋಟಿಂಗ್ ಮಾಡಿಸಿದ ಮೇಲೂ ಹೊಂಗೆಮರದ ಅಂಟು ಹಾಗೇ ಇದೆ ಎಂದರು. ಪೆಟ್ರೋಲ್ ಬಂಕಿನವನು, "ಆಂಟಿ, ಎರಡೂ ಹಾಕ್ಸಿ, ಕೆಳಗೆ ಕೋಟಿಂಗು, ಮೇಲೆ ವ್ಯಾಕ್ಸು," ಎಂದ. ಯೂಟ್ಯೂಬಿನಲ್ಲಿ ಒಬ್ಬ ಹುಡುಗ ಕೋಟಿಂಗ್ ಹಾಕಿದ ಗಾಡಿಯನ್ನು ಕಬ್ಬಿಣದ ನಾರಿನಿಂದ ಉಜ್ಜಿ ತೋರಿಸಿದ, ಇನ್ನೊಬ್ಬ ಅದೆಲ್ಲ ಮೋಸ ಎಂದ. ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ವ್ಯಾಕ್ಸು, ಒಂದು ಕಡೆ ಕೋಟಿಂಗು ಎಂದು ಬರೆಯುತ್ತ ಹೋದೆ. ಎಡಗಡೆ ಬರೆದದ್ದನ್ನೇ ಬಲಗಡೆಯೂ ಬರೆದಿದ್ದೆ. ತಲೆ ಚಿತ್ರಾನ್ನವಾಯಿತು. ಕೊನೆಗೆ, ಇವರು ಬೇಡ ಎನ್ನುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಕೋಟಿಂಗನ್ನೇ ಮಾಡಿಸುವುದೆಂದು ತೀರ್ಮಾನಿಸಿದೆ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಇವರು ಊಟ ಮಾಡಿ ಮಲಗಿದ್ದ ಹೊತ್ತಿನಲ್ಲಿ, ಸದ್ದಿಲ್ಲದೆ ಗೇಟು ತೆಗೆದು ಹೊರಟೆ. ಕನಕಪುರ ರಸ್ತೆಯಲ್ಲಿ ಬನಶಂಕರಿ ದೇವಸ್ಥಾನದ ಮುಂದೆ ಜನವೋ ಜನ. ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಬಂದ ಹೆಂಗಸರು ರಸ್ತೆಯ ಅಂಚಿನವರೆಗೂ ನಿಂತಿದ್ದರು. ನಾನು ನಿಧಾನವಾಗಿಯೇ ಹೋಗುತ್ತಿದ್ದೆ. ಇದ್ದಕ್ಕಿದ್ದಂತೆ ಎಡಗಡೆ ಬಾಗಿಲ ಮೇಲೆ ಧಡ್ ಎಂದು ಯಾರೋ ಬಡಿದರು. ಒಂದು ಹೆಣ್ಣುದನಿ ಏನೋ ಕೂಗಿತು. ಹಿಂದಿನ ಆಟೋದವನು ಪಕ್ಕಕ್ಕೆ ಬಂದು, "ಆಂಟಿ, ನೋಡ್ಕೊಂಡ್ ಹೋಗಿ, ಆಯಮ್ಮ ಜಸ್ಟ್ ಮಿಸ್ಸು," ಎಂದ. ರಸ್ತೆ ಮಧ್ಯೆ ನಿಂತುಕೊಂಡು ಗಾಡಿ ಬಡಿಯುತ್ತಾರಲ್ಲ, ಇವರಿಗೆ ಫುಟ್‌ಪಾತು ಯಾಕಿರುವುದು ಎಂದು ನಾನು ಗೊಣಗಿಕೊಂಡು ಮುಂದೆ ಹೋದೆ.

ಮೋಹಿತನ ಅಂಗಡಿ ಉದ್ದನೆಯ ಶೆಡ್ಡು. ಒಳಗೆ ಮೇಲ್ಛಾವಣಿಯ ತುಂಬ ಬಿಳೀ ದೀಪಗಳು. ಅವನಿಗೆ ಮೂವತ್ತರ ಆಸುಪಾಸು, ಮಾತು ಕಡಿಮೆ. ಕೈಯಲ್ಲಿ ಒಂದು ಟಾರ್ಚು ಹಿಡಿದು ಕಾರಿನ ಬಲಗಡೆಯಿಂದ ಶುರುಮಾಡಿ, "ಚೆನ್ನಾಗಿಟ್ಕೊಂಡಿದೀರ ಮೇಡಂ," ಎಂದ. ನಾನು ಬೀಗಿದೆ. ಎಡಗಡೆಗೆ ಹೋದವನು ಕುಕ್ಕರುಗಾಲಲ್ಲಿ ಕೂತುಬಿಟ್ಟ. ಎಷ್ಟು ಹೊತ್ತಾದರೂ ಏಳಲಿಲ್ಲ.

"ಮೇಡಂ, ಈ ಸೈಡು ಟಚಪ್ ಯಾವ ಗ್ಯಾರೇಜಲ್ಲಿ ಮಾಡ್ಸಿದ್ರಿ?"

"ಯಾವ ಟಚಪ್ಪು? ಈ ಗಾಡಿಗೆ ಒಂದು ಗೀರೂ ಆಗಿಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ಒಂದು ಬಾಟಲಿಯಿಂದ ಬಟ್ಟೆಗೆ ಏನೋ ಹಾಕಿಕೊಂಡು ಮುಂದಿನ ಬಾಗಿಲನ್ನು ಒರೆಸಿದ. "ವ್ಯಾಕ್ಸ್ ತೆಗೆದೆ. ಈಗ ನೋಡಿ." ನಾನು ಬಗ್ಗಿ ನೋಡಿದೆ. ಬರೀ ಕೆಂಪು ಕಾಣಿಸಿತು. ಬೇರೆ ಯಾರದೋ ಗಾಡಿಯ ವಿಷಯ ಹೇಳುತ್ತಿದ್ದಾನೇನೋ ಎನ್ನಿಸಿತು. ಕನ್ನಡಕ ಒರೆಸಿ ಮತ್ತೆ ನೋಡಿದೆ, ಅಷ್ಟೇ. "ಕೈ ಆಡ್ಸಿ ನೋಡಿ ಮೇಡಂ," ಎಂದ. ಉಗುರಿನ ತುದಿ ಇಟ್ಟು ಎಳೆದೆ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಕ್ಕಿತು. ಒಂದು, ಎರಡು, ಮೂರು. ಉದ್ದುದ್ದ ಗೀರುಗಳು. ಬಾಗಿಲಿನಿಂದ ಹಿಂದಿನ ಚಕ್ರದವರೆಗೂ.

"ಹದಿನಾಲ್ಕಿದೆ," ಎಂದ ಮೋಹಿತ್. "ಬಲಗಡೆ ಒಂದೂ ಇಲ್ಲ. ಯಾರ್ ಮಾಡಿದ್ದೋ ಗೊತ್ತಿಲ್ಲ, ಸಖತ್ ಕೈ ಮೇಡಂ. ಸಣ್ಣ ಬ್ರಶ್ಶಲ್ಲಿ ಗೀರಿನೊಳಗೆ ಮಾತ್ರ ಪೇಂಟ್ ತುಂಬಿದಾರೆ, ಒಂದು ಕೂದಲಷ್ಟೂ ಆಚೆ ಬಂದಿಲ್ಲ. ಅದು ಕಾಣಬಾರ್ದು ಅಂತ ಮೇಲೆ ವ್ಯಾಕ್ಸು. ಮೂರು ತಿಂಗಳಿಗೊಂದ್ಸಲ ಹಾಕೋದನ್ನ ವಾರ ವಾರ ಹಾಕಿದಾರೆ."

ಗೆರೆ ಎಳೆದು ಎಳೆದು ಬೆನ್ನು ಬಾಗಿಸಿಕೊಂಡ ಮನುಷ್ಯ ನನಗೆ ಗೊತ್ತಿದ್ದದ್ದು ಒಬ್ಬರೇ. ನನಗೆ ಮೊದಲು ಬಂದದ್ದು ಸಿಟ್ಟು. ನನ್ನನ್ನು ಆರು ತಿಂಗಳು ಮಂಗ ಮಾಡಿದರಲ್ಲ ಎಂಬ ಸಿಟ್ಟು. ನಾನು ಕಿಟಕಿಯಲ್ಲಿ ನಿಂತು ಸಿಕ್ತಾ ಎಂದು ಮೆರೆಯುವಾಗ ಇವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿರುತ್ತಿದ್ದರಲ್ಲ ಎಂಬ ಸಿಟ್ಟು.

"ಏನ್ ಮಾಡ್ಲಿ ಮೇಡಂ?" ಮೋಹಿತ್ ಕೇಳಿದ. "ಉಜ್ಜಿ ತೆಗೆಯೋಕೆ ನೋಡಬಹುದು, ಕೆಲವು ಆಳಕ್ಕಿದೆ, ಪೂರ್ತಿ ಹೋಗಲ್ಲ. ಇಲ್ಲಾಂದ್ರೆ ಈ ಟಚಪ್ ಮೇಲೇ ಕೋಟಿಂಗ್ ಎಳೆದ್ಬಿಡ್ತೀನಿ. ಒಳಗಿರೋದು ಒಳಗೇ ಇರುತ್ತೆ. ಐದು ವರ್ಷ ಯಾರಿಗೂ ಗೊತ್ತಾಗಲ್ಲ."

ಐದು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಸುರಭಿ ಸುತ್ತು ಬರುತ್ತಾಳೆ, ಏನೂ ಸಿಗುವುದಿಲ್ಲ, ಕೀ ನನ್ನ ಬ್ಯಾಗಿನಲ್ಲೇ ಇರುತ್ತದೆ. ಇವರಿಗೂ ಉಜ್ಜುವ ಕಷ್ಟ ತಪ್ಪುತ್ತದೆ. ಹಾಕಿಬಿಡಪ್ಪ ಎನ್ನಲು ಬಾಯಿ ತೆರೆದೆ. ಆಗ ಹಿಂದಿನ ಬಾಗಿಲ ಮೇಲೆ ಅವನ ಟಾರ್ಚು ಬಿತ್ತು.

"ಇದ್ಯಾರೋ ಈಗ ತಾನೆ ಎಣ್ಣೆಗೈ ಇಟ್ಟಿದಾರೆ," ಎಂದು ಬಟ್ಟೆ ತೆಗೆದುಕೊಂಡ.

"ಇರಪ್ಪ, ಒರೆಸಬೇಡ," ಎಂದೆ.

ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ಅದು ನನಗೂ ಕಾಣಿಸಿತು. ಐದೂ ಬೆರಳು ಧೂಳಿನ ಮೇಲೆ ಮೂಡಿತ್ತು. ನಿಂಬೆಹಣ್ಣಿನ ದೀಪಕ್ಕೆ ಎಣ್ಣೆ ಹಾಕಿದ ಹೆಂಗಸಿನ ಕೈ. ಅವಳು ರಸ್ತೆ ಮಧ್ಯೆ ನಿಂತಿರಲಿಲ್ಲ. ನಾನು ಅವಳ ಮೇಲೆ ಹೋಗಿದ್ದೆ. ಅವಳ ಮುಖ ಹೇಗಿತ್ತು, ಸೀರೆ ಯಾವ ಬಣ್ಣ, ಜೊತೆಯಲ್ಲಿ ಮಗು ಇತ್ತೋ ಇಲ್ಲವೋ, ಒಂದೂ ನನಗೆ ಗೊತ್ತಿರಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೆ. ಎರಡು ಮಾರು ದೂರದಲ್ಲಿದ್ದ ಮೋಹಿತ್ ಹೋಗಿ ಒಂದು ಕಪ್ಪು ಅಂಗಿ ಮಾತ್ರ ಉಳಿಯಿತು. ಕೈ ತೆಗೆದೆ, ಅವನು ಬಂದ. ಮತ್ತೆ ಮುಚ್ಚಿದೆ, ಹೋದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೂರಾರು ಮಕ್ಕಳಿಗೆ ಹೇಳಿದ್ದೇನೆ. ಎಲ್‌ಇಡಿ ದೀಪ, ದಾಸವಾಳ, ತೆಂಗಿನ ಗರಿ, ಆಯಮ್ಮ. ನನಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು.

"ಏನಾಯ್ತು ಮೇಡಂ? ವ್ಯಾಕ್ಸಾ, ಕೋಟಿಂಗಾ?"

"ಈಗ ಏನೂ ಹಾಕಬೇಡಪ್ಪ. ಗಾಡಿ ಇಲ್ಲೇ ಇರಲಿ. ಇದನ್ನ ಮಾಡಿದವರನ್ನ ಒಂದು ಮಾತು ಕೇಳ್ಬೇಕು," ಎಂದು ಹೇಳಿ ಹೊರಗೆ ಬಂದು ಆಟೋ ಹತ್ತಿದೆ.

ಇವರು ಬನಿಯನ್ನಿನಲ್ಲೇ ಗೇಟಿನ ಹೊರಗೆ ನಿಂತು ರಸ್ತೆಯ ಎರಡೂ ಕಡೆ ನೋಡುತ್ತಿದ್ದರು. ನಾನು ಆಟೋದಿಂದ ಇಳಿದದ್ದು ನೋಡಿ ಮುಖ ಬಿಳಿಚಿಕೊಂಡಿತು.

"ಕಾರೆಲ್ಲೇ? ಏನಾಯ್ತು? ನಿಂಗೇನೂ ಆಗಿಲ್ಲ ತಾನೆ?"

"ಮೋಹಿತ್ ಅಂಗಡೀಲಿದೆ. ಎಡಗಡೆ ಒರೆಸಿ ತೋರಿಸಿದ."

ಇವರು ಬೆರಳನ್ನು ಬನಿಯನ್ನಿನ ಅಂಚಿಗೆ ಒರೆಸಿಕೊಂಡರು. ಆಮೇಲೆ, "ಅದು... ದಾಸವಾಳದ ಕೊಂಬೆ..." ಎಂದು ಶುರು ಮಾಡಿದರು.

"ರೀ, ದಾಸವಾಳ ಕಡಿಸಿ ಐದು ತಿಂಗಳಾಯ್ತು."

ಇಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೆವು. ಇವರ ಬೆರಳಿನ ಉಗುರುಸಂದಿಯಲ್ಲಿ ಕೆಂಪು ಬಣ್ಣ ಇತ್ತು. ಅದನ್ನು ನಾನು ಇಷ್ಟು ದಿನ ನೋಡಿರಲಿಲ್ಲ.

"ಎಷ್ಟು ಗೀರು ಅಂತ ಲೆಕ್ಕ ಇದೆಯಾ?" ಎಂದೆ.

"ಹದಿನಾರು."

"ಅವನು ಹದಿನಾಲ್ಕು ಅಂದ."

"ಹಾಗಾದ್ರೆ ಎರಡು ಚೆನ್ನಾಗಿ ಕೂತಿದೆ," ಎಂದರು. ಅಷ್ಟು ಹೆದರಿದ್ದರೂ ಆ ಮಾತು ಹೇಳುವಾಗ ಅವರಿಗೆ ಒಂದು ಚೂರು ಹೆಮ್ಮೆ ಇತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಅಳುವೇ ಬಂತು.

"ಮೊದಲನೇದು ಆದಾಗಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೀ ಕೊಟ್ಬಿಡ್ತಿದ್ದೆ. ಮಾತು ಅಂದ್ರೆ ಮಾತು ನಿಂದು. ಆಮೇಲೆ ನೀನು ಕಿಟಕಿ ಹತ್ರ ಕೂತಿರೋದನ್ನ ದಿನಾ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಕಣೇ."

"ಯಾರಿಗಾದ್ರೂ ತಾಗಿದ್ರೆ ಏನ್ ಮಾಡ್ತಿದ್ರಿ? ಇವತ್ತು ತಾಗೋದ್ರಲ್ಲಿತ್ತು."

"ಅದಕ್ಕೇ ಅಲ್ವಾ ಎಲ್ಲಾ ಕಡೆ ಜೊತೆಗೆ ಬರ್ತಿದ್ದಿದ್ದು," ಎಂದು ತಲೆ ತಗ್ಗಿಸಿದರು. "ನಂದೂ ತಪ್ಪು. ಗೊತ್ತು ನಂಗೆ."

ಬ್ಯಾಗಿನಿಂದ ಕೀ ತೆಗೆದು ಅವರ ಅಂಗೈಯಲ್ಲಿಟ್ಟೆ. "ಸುರಭಿ ಬಂದಾಗ ನೀವೇ ಕೊಡಿ. ನನ್ನ ಕೈಯಲ್ಲಿ ಕೊಡೋಕೆ ಆಗಲ್ಲ." ಅವರು ಕೀಯನ್ನೇ ನೋಡುತ್ತ ಕೂತರು. ಡಾಕ್ಟರು ಎರಡು ವರ್ಷದ ಹಿಂದೆ ಹೇಳಿದ್ದನ್ನು ಆಗ ಹೇಳಿದೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

"ಸಂಜೆ ಏಳರ ತನಕ ಕ್ಲಿನಿಕ್ ಇರುತ್ತೆ. ಈಗಲೇ ಹೋಗೋಣ ನಡಿ. ಪೊರೆ ತಾನೆ, ತೆಗೀತಾರೆ. ತೆಗೆದ ಮೇಲೆ ಕೀ ವಿಷಯ ಮಾತಾಡೋಣ."

ಆಟೋದಲ್ಲಿ ನಾನು ಮೊದಲು ಹತ್ತಿ ಬಲಕ್ಕೆ ಸರಿದೆ. ಇವರು ನನ್ನ ಎಡಗಡೆ ಕೂತರು. ಫೋರ್ತ್ ಬ್ಲಾಕಿನ ತಿರುವಿನಲ್ಲಿ ಅಭ್ಯಾಸಬಲದಿಂದ ಇವರ ಕೈ ಡ್ಯಾಶ್‌ಬೋರ್ಡ್ ಹುಡುಕಿ, ಸಿಗದೆ, ಮುಂದಿನ ಕಂಬಿ ಹಿಡಿಯಿತು.

"ಎಡಗಡೆ ಬಸ್ ಬರ್ತಿದೆ," ಎಂದರು. ಆಟೋದವನು ತಿರುಗಿ ನೋಡಿದ. ಅದು ಅವನಿಗೆ ಹೇಳಿದ್ದಲ್ಲ.

"ನೋಡಿರ್ಲಿಲ್ಲ ರೀ," ಎಂದೆ.